ಸುಹಾಸಿನಿಬಾಯಿಯ ಬೀಳ್ಕೊಡುಗೆ

ಅರಗು ಕರಗುವ ವಾಸನೆ. ಧಾರವಾಡದ ಅಂಚೆ ಕಚೇರಿಯಲ್ಲಿ ಅಪ್ಪ ಮೇಣದಬತ್ತಿಯ ಉರಿಗೆ ಕೆಂಪು ಅರಗಿನ ಕಡ್ಡಿ ಹಿಡಿದು, ಪಾರ್ಸಲಿನ ಗಂಟಿನ ಮೇಲೆ ಹನಿಹನಿಯಾಗಿ ಬೀಳಿಸಿ, ಅದು ಆರುವ ಮೊದಲೇ ಹಿತ್ತಾಳೆಯ ಮುದ್ರೆ ಒತ್ತುತ್ತಿದ್ದರು. ಸಂಜೆ ಮನೆಗೆ ಬಂದು ಮಗಳ ತಲೆ ನೇವರಿಸಿದರೆ ಬೆರಳುಗಳಲ್ಲೂ ಅದೇ ವಾಸನೆ, ಸ್ವಲ್ಪ ಸುಟ್ಟಂತೆ, ಸ್ವಲ್ಪ ಸಿಹಿಯಾಗಿ. ಆಗ ಸುಹಾಸಿನಿಗೆ ಸರಕಾರ ಎಂದರೆ ಆ ವಾಸನೆಯೇ ಆಗಿತ್ತು. ಈಗ ಗೋವೆಯ ಪರ್ವರಿಯ ಫ್ಲ್ಯಾಟಿನಲ್ಲಿ ಕಪಾಟಿನ ಬಾಗಿಲು ತೆಗೆದು, ಯಾವ ಸೀರೆ ಉಡಬೇಕೆಂದು ತಿಳಿಯದೆ ನಿಂತಿದ್ದವಳ ಮೂಗಿಗೆ ಅದು ಎಲ್ಲಿಂದ ಬಂತೋ. ಪಕ್ಕದ ಮನೆಯವರು ಕುಕ್ಕರಿನ ಹಿಡಿಕೆ ಸುಟ್ಟುಕೊಂಡಿರಬೇಕು. ರೇಷ್ಮೆ ಉಟ್ಟರೆ ಸಂಭ್ರಮಪಟ್ಟಂತೆ ಕಾಣುತ್ತದೆ. ಹತ್ತಿಯದು ಉಟ್ಟರೆ ಕರುಣೆ ಬೇಡಿದಂತೆ. ಸರಕಾರ ಹೊರಗೆ ಹಾಕಿದ ಹೆಂಗಸು ಅದೇ ಸರಕಾರದ ಕಚೇರಿಯಲ್ಲಿ ಹಾರ ಹಾಕಿಸಿಕೊಳ್ಳಲು ಹೋಗುವಾಗ ಏನು ಉಡಬೇಕೆಂದು ಯಾವ ನಿಯಮಾವಳಿಯೂ ಹೇಳಿರಲಿಲ್ಲ.

"ಮದಿವಿಗಿ ಹೊಂಟಂಗೂ ಆಗಬಾರದು, ಮಣ್ಣಿಗಿ ಹೊಂಟಂಗೂ ಆಗಬಾರದು," ಎಂದ ಗಂಡ ವಸಂತ, ಪೇಪರಿನಿಂದ ಕಣ್ಣೆತ್ತದೆ. "ಆ ಬದನಿಕಾಯಿ ಬಣ್ಣದ್ದು ಉಟಗೋ. ಅದಕ್ಕ ಯಾವ ಅರ್ಥಾನೂ ಇಲ್ಲ."

ವಸಂತ ಮುರ್ಮುಗಾಂವ್ ಬಂದರಿನ ಕಚೇರಿಯಿಂದ ವಯಸ್ಸಾಗಿ, ಸರಿಯಾದ ದಾರಿಯಲ್ಲಿ, ನಿವೃತ್ತನಾದವನು. ಅವನಿಗೂ ಬೀಳ್ಕೊಡುಗೆ ಆಗಿತ್ತು. ಗೋಡೆ ಗಡಿಯಾರ ಕೊಟ್ಟಿದ್ದರು. "ಇನ್ನ ಮ್ಯಾಲೆ ಹೊತ್ತು ಹೋಗೂದಿಲ್ಲ ಅನ್ನೋ ಮನಶಾಗ ಗಡಿಯಾರ! ನಿನಗೇನ ಕೊಡ್ತಾರ ನೋಡೋಣು," ಎಂದು ಬೆಳಿಗ್ಗೆಯಿಂದ ಮೂರು ಸಲ ಹೇಳಿದ್ದ. ಅವನು ತಮಾಷೆ ಮಾಡುತ್ತಿದ್ದುದು ಅವಳನ್ನು ನಗಿಸುವುದಕ್ಕಲ್ಲ, ತನ್ನ ಸಿಟ್ಟನ್ನು ಅದುಮಿಡುವುದಕ್ಕೆ ಎಂದು ಅವಳಿಗೆ ಗೊತ್ತಿತ್ತು. ಕಡ್ಡಾಯ ನಿವೃತ್ತಿಯ ಆದೇಶ ಬಂದ ದಿನ ಅವನು ಕೋರ್ಟಿಗೆ ಹೋಗೋಣವೆಂದು ಕುಣಿದಾಡಿದ್ದ. ಅವಳು ಬೇಡವೆಂದಿದ್ದಳು. ಯಾಕೆ ಬೇಡ ಎಂದರೆ, ಕೋರ್ಟಿನಲ್ಲಿ ಮತ್ತೆ ಆ ಪ್ರಶ್ನೆ ಕೇಳುತ್ತಾರೆ: ಆ ವಾಸದ ಚೀಟಿ ಯಾಕೆ ಬರೆದುಕೊಟ್ಟಿರಿ? ವಿಚಾರಣೆಯಲ್ಲಿ ಅವಳು "ನೆನಪಿಲ್ಲ" ಎಂದಿದ್ದಳು. ನೆನಪಿತ್ತು.

ಕಡ್ಡಾಯ ನಿವೃತ್ತಿ ಎಂದರೆ ವಜಾ ಅಲ್ಲ. ಪಿಂಚಣಿ ಇರುತ್ತದೆ, ಮರ್ಯಾದೆಯನ್ನಷ್ಟೇ ಕಳೆದು ಉಳಿದದ್ದನ್ನು ಕೊಟ್ಟು ಮನೆಗೆ ಕಳಿಸುತ್ತಾರೆ. ಸಮಸ್ಯೆಯಾದದ್ದು ವಾಸದ ಪ್ರಮಾಣಪತ್ರ ಕೊಡುವ ಅವಳ ಪಣಜಿಯ ಕಚೇರಿಯವರಿಗೆ. ನಿವೃತ್ತರಾದ ಎಲ್ಲರಿಗೂ ಆ ಕಚೇರಿಯಲ್ಲಿ ಬೀಳ್ಕೊಡುಗೆ ಮಾಡುವ ಪದ್ಧತಿ ಇತ್ತು. ಆದೇಶದಲ್ಲೂ ನಿವೃತ್ತಿ ಎಂಬ ಮಾತಿತ್ತು. ಅದಕ್ಕೆ ಮುಂಚೆ ಇದ್ದ ಮಾತನ್ನು ಏನು ಮಾಡಬೇಕು? ಮೊನ್ನೆ ಮಂಗಲಾ ಫೋನು ಮಾಡಿದ್ದಳು. ಬೆಳಗಾವಿಯವಳು, ಪಕ್ಕದ ಮೇಜಿನವಳು, ವಯಸ್ಸಿನಲ್ಲಿ ಹತ್ತು ವರ್ಷ ಚಿಕ್ಕವಳು. "ಅಕ್ಕಾ, ಎಲ್ಲಾರೂ ವಿಚಾರ ಮಾಡಿದ್ವಿ. ಎಲ್ಲಾರಿಗೂ ಮಾಡೇವಿ, ನಿಮಗ ಮಾಡ್ಲಿಲ್ಲಂದ್ರ ಚಲೋ ಕಾಣೂದಿಲ್ಲ."

"ಯಾರಿಗಿ ಚಲೋ ಕಾಣೂದಿಲ್ಲ ಮಂಗಲಾ?"

"ಹಂಗ ಕೇಳಬ್ಯಾಡ್ರಿ ಅಕ್ಕಾ. ಬರ್ರಿ."

ಅವಳು ಹೋಗುವುದೆಂದು ತೀರ್ಮಾನಿಸಿದ್ದಳು. ಆ ಕೋಣೆಯಲ್ಲಿ ಒಬ್ಬರಾದರೂ, ತಪ್ಪಿಯಾದರೂ, ಎಲ್ಲರಿಗೂ ಗೊತ್ತಿದ್ದ ಮಾತನ್ನು ಆಡಿಬಿಡುತ್ತಾರೆಯೇ ಎಂದು ನೋಡಬೇಕಿತ್ತು. ಬೇರೆ ಆಸೆ ಇರಲಿಲ್ಲ. ಅದೊಂದೇ ಆಸೆ ಎಷ್ಟು ದೊಡ್ಡದೆಂದು ಮಾಂಡವಿಯ ಸೇತುವೆಯ ಮೇಲೆ ಬಸ್ಸು ನಿಂತು ನಿಂತು ಹೋಗುವಾಗ ಅವಳಿಗೆ ಅರಿವಾಯಿತು. ಕೆಳಗೆ ಜೂಜಿನ ಹಡಗುಗಳು ಹಗಲಿನ ಬೆಳಕಿನಲ್ಲಿ ಮುಖ ತೊಳೆಯದ ನಟಿಯರಂತೆ ನಿಂತಿದ್ದವು. ವಿಚಾರಣೆ ಮುಗಿಯುವವರೆಗೆ ಅಮಾನತಿನಲ್ಲಿದ್ದಷ್ಟು ಕಾಲ ಈ ಸೇತುವೆ ದಾಟುವಾಗಲೆಲ್ಲ ಎಲ್ಲೆ ಮೀರಿದೆನೇನೋ ಎಂಬ ಅಳುಕು. ಅಮಾನತಾದವರು ಕೇಂದ್ರಸ್ಥಾನ ಬಿಡಬಾರದು. ತಮ್ಮನ ಮಗಳ ಮದುವೆಗೆ ಧಾರವಾಡಕ್ಕೆ ಹೋಗಲು ಅನುಮತಿ ಕೇಳಿ ಅರ್ಜಿ ಕೊಟ್ಟರೆ, ಮದುಮಗಳು ಮನೆ ತುಂಬಿಸಿಕೊಂಡು, ಮೊದಲ ಹಬ್ಬಕ್ಕೆ ತವರಿಗೆ ಬಂದ ಮೇಲೆ ಅನುಮತಿ ಬಂತು. ಬೇರೆಲ್ಲೂ ದುಡಿಯುತ್ತಿಲ್ಲ ಎಂದು ತಿಂಗಳಿಗೊಮ್ಮೆ ಬರೆದುಕೊಡಬೇಕು. ದೀಪಾವಳಿಗೆ ಕೆಳಗಿನ ಮನೆಯ ರಂಜನಾ "ಆಂಟಿ, ನಿಮ್ಮ ಕೈಯ ಚಕ್ಕುಲಿ ಮಾಡಿಕೊಡ್ರಿ, ರೊಕ್ಕಾ ಕೊಡ್ತೇನಿ" ಎಂದಾಗ ಸುಹಾಸಿನಿ ಹೆದರಿ ಬೇಡವೆಂದಿದ್ದಳು. ಚಕ್ಕುಲಿ ಒತ್ತುವುದು ದುಡಿಮೆಯೋ ಅಲ್ಲವೋ ಎಂದು ಯಾರನ್ನು ಕೇಳುವುದು? ಆಮೇಲೆ ರಂಜನಾ ತಾನೇ ಕೆಟ್ಟದಾಗಿ ಕರಿದ ಚಕ್ಕುಲಿಯನ್ನು ಡಬ್ಬಿಯಲ್ಲಿ ತಂದುಕೊಟ್ಟು, "ಹೆಂಗ ಕೆಟ್ಟದ ಅಂತ ಹೇಳ್ರಿ ಸಾಕು" ಎಂದು ಅವಳೆದುರು ಕೂತು ನಕ್ಕಿದ್ದಳು. ಅಂಥ ಮಂದಿಯೂ ಇದ್ದರು. ಅಮಾನತಿನ ಆದೇಶ ತಂದ ಕಚೇರಿಯ ಜವಾನ ಕೇಶಪ್ಪ ಮೊದಲು ನೀರು ಕುಡಿದು, ಬಾದಾಮಿಯ ಕಡೆ ಮಳೆ ಹೇಗಿದೆ ಎಂದು ಹೇಳಿ, ವಸಂತನ ಮೊಣಕಾಲು ನೋವು ವಿಚಾರಿಸಿ, ಚಪ್ಪಲಿ ಮೆಟ್ಟುವಾಗ ಹೊಸದಾಗಿ ನೆನಪಾದವನಂತೆ, "ಇದೊಂದ ಕೊಟ್ಟಾರ್ರಿ ಅಕ್ಕಾರ" ಎಂದು ಪೇಪರಿನಲ್ಲಿ ಸುತ್ತಿದ್ದ ಲಕೋಟೆ ಕೊಟ್ಟಿದ್ದ. ಮೆಟ್ಟಿಲಲ್ಲಿ ಎದುರಾದ ನೆರೆಯವರಿಗೆ ಕಾಣದಿರಲೆಂದು ಸುತ್ತಿದ್ದ ಪೇಪರು.

ಬೀಳ್ಕೊಡುಗೆಯ ಬ್ಯಾನರು ಹಳೆಯದೇ. ಪ್ರತಿಯೊಬ್ಬರಿಗೂ ಅದನ್ನೇ ಕಟ್ಟಿ, ಮಡಚಿ, ಕಪಾಟಿನ ಮೇಲೆ ಇಡುತ್ತಿದ್ದರು. ಸುಖದ ವಿಶ್ರಾಂತ ಜೀವನ ಹಾರೈಸುವ ಆ ಬ್ಯಾನರಿನ ಒಂದು ಮೂಲೆಗೆ ಯಾವುದೋ ಹಿಂದಿನ ನಿವೃತ್ತಿಯ ಚಹಾದ ಕಲೆ ಇತ್ತು. ಅದರ ಕೆಳಗೆ ನಡುವಿನ ಕುರ್ಚಿಯಲ್ಲಿ ಸುಹಾಸಿನಿ, ಬಲಕ್ಕೆ ಕಚೇರಿಯ ಮುಖ್ಯಸ್ಥರಾದ ಕೇರ್ಕರ್ ಸಾಹೇಬರು. ಸಾಹೇಬರು ಅವಳತ್ತ ತಿರುಗಿ, "ಬಾಯ್, ಬಸ್ಸಿನಲ್ಲಿ ಬಂದಿರಾ? ಗಾಡಿ ಕಳಿಸುತ್ತಿದ್ದೆನಲ್ಲ" ಎಂದರು ಕೊಂಕಣಿಯಲ್ಲಿ. ಅವರ ಕಾಳಜಿ ನಿಜವಾದದ್ದೇ ಆಗಿತ್ತು. ಅದೇ ಕಷ್ಟ. ಕೇರ್ಕರ್ ಸಾಹೇಬರು ಕೆಟ್ಟವರಾಗಿದ್ದರೆ ಅವಳ ಈ ವರ್ಷ ಎಷ್ಟೋ ಸುಲಭವಾಗುತ್ತಿತ್ತು.

ಚವತಿಗೆ ಗೋವೆಯ ಮನುಷ್ಯ ಊರಲ್ಲಿರಬೇಕು. ಗಣಪತಿಯ ಮೇಲೆ ಮಾಟೋಳಿ ಕಟ್ಟಬೇಕು, ಕಾಡಿನ ಕಾಯಿ, ಹಣ್ಣು, ಬಳ್ಳಿ ಎಲ್ಲ ತೂಗಬೇಕು, ಅಣ್ಣತಮ್ಮಂದಿರೆಲ್ಲ ಒಂದೇ ಪಂಕ್ತಿಯಲ್ಲಿ ಕೂರಬೇಕು. ರಜೆ ಮುಗಿದ ಮೇಲೂ ಆ ವಾರ ಕಚೇರಿಯಲ್ಲಿ ಜನ ಇರುವುದಿಲ್ಲ. ಆದ್ದರಿಂದ ಪ್ರತಿ ವರ್ಷ ಸಾಹೇಬರು ಹೊರಡುವ ಮೊದಲು ಒಂದಷ್ಟು ಖಾಲಿ ವಾಸದ ಪ್ರಮಾಣಪತ್ರಗಳಿಗೆ ಸಹಿ ಮಾಡಿ, "ಬಾಯ್, ನಿಮಗೆ ಇಲ್ಲಿ ಊರು ಅಂತ ಎಲ್ಲಿದೆ? ನೀವೇ ನೋಡಿಕೊಳ್ಳಿ. ಜನ ಸುಮ್ಮನೆ ತಿರುಗಬಾರದು" ಎಂದು ಕೊಟ್ಟು ಹೋಗುತ್ತಿದ್ದರು. ಅದೂ ಒಳ್ಳೆಯತನವೇ. ಹಾಗೆ ಕೊಟ್ಟ ಪತ್ರಗಳಿಗೆ ಹಿಂದಿನ ವಾರದ ತಾರೀಖು ಹಾಕುವುದು ಆ ಕಚೇರಿಯ ವಾಡಿಕೆ. ಆ ಮೇಜಿನಲ್ಲಿ ಕೂತ ಎಲ್ಲರೂ ಹಾಕಿದ್ದಾರೆ. ಅಂಚೆಯವನ ಮಗಳಿಗೆ ಮಾತ್ರ ಕೈ ಬರುತ್ತಿರಲಿಲ್ಲ. ಇಂದಿನ ದಿನ ಇಂದಿನದೇ ಮುದ್ರೆ. ವರ್ಷ ವರ್ಷ ಅವಳು ನಿಜವಾದ ತಾರೀಖನ್ನೇ ಹಾಕಿದಳು, ಯಾರೂ ನೋಡಲಿಲ್ಲ. ಕಳೆದ ಸಲ ತಪಾಸಣೆಗೆ ಬಂದವರು ನೋಡಿದರು. ಸಾಹೇಬರು ಊರಲ್ಲಿ ಗಣಪತಿಗೆ ಆರತಿ ಎತ್ತುತ್ತಿದ್ದ ದಿನ ಪಣಜಿಯಲ್ಲಿ ಸಾಹೇಬರ ಸಹಿ. ಸುಳ್ಳು ತಾರೀಖು ಹಾಕಿದ್ದರೆ ಅವಳು ಪ್ರಾಮಾಣಿಕಳಾಗಿ ಉಳಿಯುತ್ತಿದ್ದಳು. ವಿಚಾರಣೆಯಲ್ಲಿ ಸಾಹೇಬರು, ಸಹಿ ನನ್ನದೇ, ಆದರೆ ಯಾವಾಗ ಯಾವುದಕ್ಕೆ ಹಾಕಿದೆನೋ ನೆನಪಿಲ್ಲ ಎಂದರು. ಮಂಗಲಾ, ನಾನು ಬೆಳಗಾವಿಗೆ ಹೋಗಿದ್ದೆ ಎಂದಳು, ನೆಲ ನೋಡುತ್ತ. ಅದು ನಿಜವೂ ಆಗಿತ್ತು. ಆ ವಿಚಾರಣೆಯಲ್ಲಿ ಅವರ್ಯಾರೂ ಪೂರ್ತಿ ಸುಳ್ಳು ಹೇಳಲಿಲ್ಲ.

ಸ್ವಾಗತ, ಹೂವು, ಶಾಲು, ತೆಂಗಿನಕಾಯಿ. ಒಬ್ಬರು ಎದ್ದು ಅವಳ ಅಕ್ಷರ ಮುತ್ತಿನಂತೆ ಎಂದರು. ಇನ್ನೊಬ್ಬಳು, ತಾನು ಹೊಸಬಳಾಗಿ ಬಂದಾಗ ಬಾಯಿ ತನಗೆ ಕೊಡೆ ಕೊಟ್ಟು ತಾವು ನೆನೆದು ಹೋಗಿದ್ದರು ಎಂದು ಹೇಳಿ ಕಣ್ಣೊರೆಸಿಕೊಂಡಳು. ಸುಹಾಸಿನಿಗೆ ಅದು ನೆನಪೇ ಇರಲಿಲ್ಲ. ನಿವೃತ್ತಿ ಎಂಬ ಮಾತು ಹತ್ತು ಸಲ ಬಂತು, ಒಬ್ಬರ ನಾಲಿಗೆಯೂ ತೊಡರಲಿಲ್ಲ. ಕೊನೆಗೆ ಸಾಹೇಬರು ನಿಂತರು. "ನಮ್ಮ ಸುಹಾಸಿನಿಬಾಯಿ ಘಟ್ಟದ ಮೇಲಿನವರು ಅಂತ ನನಗೆ ಎಷ್ಟೋ ವರ್ಷ ಗೊತ್ತೇ ಇರಲಿಲ್ಲ ನೋಡಿ. ಅಂಥ ಕೊಂಕಣಿ! ಹೊರಗಿನವರು ಅಂತ ಯಾವತ್ತೂ ಅನಿಸಲಿಲ್ಲ. ನಮ್ಮವರೇ." ಎಲ್ಲರೂ ಚಪ್ಪಾಳೆ ತಟ್ಟಿದರು. ಆರೋಪಪಟ್ಟಿಯ ಎರಡನೆಯ ಅಂಶ: ಸದರಿ ನೌಕರಳು ತನ್ನ ಭಾಷೆಯವರಿಗೆ ಪಕ್ಷಪಾತ ತೋರಿ ಅನರ್ಹರಿಗೆ ಪ್ರಮಾಣಪತ್ರ ನೀಡಿರುತ್ತಾಳೆ.

ಚಪ್ಪಾಳೆ ನಡೆಯುತ್ತಿದ್ದಂತೆ ಸುಹಾಸಿನಿ ಎದುರಿನ ಖಾಲಿ ಕೌಂಟರನ್ನೇ ನೋಡುತ್ತಿದ್ದಳು. ಕಳೆದ ಚವತಿಯ ವಾರ, ಅವತ್ತು ಮಳೆ, ಕಚೇರಿ ಖಾಲಿ. ಕೌಂಟರಿನಾಚೆ ನೆನೆದ ಸೆರಗಿನ ಒಬ್ಬ ಹೆಂಗಸು ಮುರುಕು ಹಿಂದಿಯಲ್ಲಿ, ಗಂಡ ಪರ್ವರಿಯ ಕಟ್ಟಡದಿಂದ ಬಿದ್ದಿದ್ದಾನೆ, ಕಾಲಿನ ಎಲುಬು ಮುರಿದಿದೆ, ಆಸ್ಪತ್ರೆಯ ಕಾರ್ಡಿಗೆ ವಾಸದ ಚೀಟಿ ಬೇಕಂತೆ ಎನ್ನುತ್ತಿದ್ದಳು. ಡ್ರಾಯರು ಮುಚ್ಚುವಾಗ ಸುಹಾಸಿನಿಯ ಬೆರಳು ಸಿಕ್ಕಿಕೊಂಡಿತು. "ಅಯ್ಯ ನಮ್ಮವ್ವಾ!" ಎಂದುಬಿಟ್ಟಳು. ಹೆಂಗಸಿನ ಮುಖ ದೀಪ ಹಚ್ಚಿದಂತಾಯಿತು. "ಅಯ್ಯ, ನಮ್ಮ ಕಡೆಯವ್ರೇನ್ರಿ ಅಕ್ಕಾರ? ಯಾ ಊರ್ರಿ?" ದೊಡ್ಡ ಗಂಟಲು, ಖಾಲಿ ಕಚೇರಿಯ ತುಂಬ ಕೇಳುವಂಥದು. ಸುಹಾಸಿನಿ "ಕಿತೆಂ ಜಾಯ್?" ಎಂದು, ಏನು ಬೇಕೆಂದು, ಕೊಂಕಣಿಯಲ್ಲೇ ಮರುಕೇಳಿದಳು. ಹೆಂಗಸು ಬಿಡಲಿಲ್ಲ, ಕನ್ನಡ ಸಿಕ್ಕಿದ ಮೇಲೆ ಅವಳ ಗೋಳು ಕಟ್ಟೆಯೊಡೆದು ಹರಿಯಿತು. ಸುಹಾಸಿನಿ ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ಕಾವಲಿನವನ ಬೆನ್ನಷ್ಟೇ ಇತ್ತು. ಆದರೂ ಬೆವರಿದಳು. ಮೂವತ್ತು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ವಾರ, ಅವಳು ಕನ್ನಡದಲ್ಲಿ ಮಾತಾಡಿ ತಿರುಗಿದಾಗ ಬೆನ್ನ ಹಿಂದೆ ಯಾರೋ "ಘಾಟಿ" ಎಂದಿದ್ದರು. ಘಟ್ಟದ ಮೇಲಿಂದ ಇಳಿದು ಬಂದವರನ್ನು ಕರೆಯುವ ಆ ಎರಡಕ್ಷರವನ್ನು ಮತ್ತೆ ಕೇಳದಿರಲೆಂದೇ ಅವಳು ಹಾಗೆ ಕೊಂಕಣಿ ಕಲಿತದ್ದು. "ಸಣ್ಣಗ ಮಾತಾಡು," ಎಂದು ಪಿಸುಗುಟ್ಟಿದಳು ಕನ್ನಡದಲ್ಲಿ. "ಎಷ್ಟ ವರ್ಷಾತು ಇಲ್ಲೆ?" "ನಾಕ ಆಗಿ ಐದನೇದ್ದು ನಡದೈತ್ರಿ." ಐದು ತುಂಬಿರಬೇಕಿತ್ತು. ಇಲ್ಲವೆಂದರೆ ಹೆಂಗಸು ಅಳುತ್ತಾಳೆ, ಕನ್ನಡದಲ್ಲಿ ಅಳುತ್ತಾಳೆ, ಅಕ್ಕಾರ ಅಕ್ಕಾರ ಎನ್ನುತ್ತಾಳೆ. ಐದು ಎಂದು ಬರೆದರೆ ಈಗಲೇ ಹೋಗುತ್ತಾಳೆ. ಸುಹಾಸಿನಿ ಐದು ಎಂದು ಬರೆದಳು.

ಅದು ಪಕ್ಷಪಾತವಾಗಿರಲಿಲ್ಲ. ಕರುಣೆಯೂ ಆಗಿರಲಿಲ್ಲ. ವಿಚಾರಣಾಧಿಕಾರಿ ಲಂಚವೇ ಎಂದು ಕೇಳಿದರು, ಮರುಕವೇ ಎಂದೂ ಕೇಳಿದರು. ನಾಚಿಕೆಯೇ ಎಂದು ಕೇಳುವ ಕಲಮು ಅವರ ಹತ್ತಿರ ಇರಲಿಲ್ಲ.

"ಬಾಯ್, ನಾಲ್ಕು ಮಾತು," ಎಂದರು ಸಾಹೇಬರು. ಅವಳು ಎದ್ದಳು. ಮಂಗಲಾ ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಹೇಳಬಹುದಿತ್ತು. ಹೇಳಿದರೆ ಸಾಹೇಬರ ಬಡ್ತಿ, ಮಂಗಲಾಳ ಹಳೆಯ ತಾರೀಖುಗಳು, ಈ ಸಮೋಸದ ಡಬ್ಬಿಗಳು, ಎಲ್ಲದಕ್ಕೂ ಬೆಂಕಿ. ಅವಳು ಎಲ್ಲರ ಮುಖ ನೋಡಿದಳು. ಪ್ರತಿ ಮುಖವೂ ಬಾಯಿ ಒಳ್ಳೆಯವರು, ಏನೂ ಹೇಳುವುದಿಲ್ಲ ಎಂದು ನಂಬಿ ಕೂತಿತ್ತು. ಅಷ್ಟು ನಂಬಿಕೆಯನ್ನು ಹೇಗೆ ಮುರಿಯುವುದು? "ದೇವ್ ಬರೆಂ ಕರುಂ," ಎಂದಳು, ದೇವರು ಒಳ್ಳೆಯದು ಮಾಡಲಿ ಎಂದು, ಅಪ್ಪಟ ಕೊಂಕಣಿಯಲ್ಲಿ. ಕೂತಳು. ಎಲ್ಲಕ್ಕಿಂತ ಜೋರಾದ ಚಪ್ಪಾಳೆ ಅದಕ್ಕೇ ಬಂತು.

ಮಂಗಲಾ ಗೇಟಿನವರೆಗೆ ಬಂದಳು. "ಶಾಲು ಛಂದ ಐತ್ರಿ ಅಕ್ಕಾ. ನಾನ ಆರಿಸಿದ್ದು."

"ಬೆಚ್ಚಗೈತಿ," ಎಂದಳು ಸುಹಾಸಿನಿ. ಅದು ಏಪ್ರಿಲ್ ತಿಂಗಳು. ಇಬ್ಬರ ಹಣೆಯ ಮೇಲೂ ಬೆವರು ಇಳಿಯುತ್ತಿತ್ತು. ಮಂಗಲಾ ನಗಲು ಹೋಗಿ ಅವಳ ಕೈ ಹಿಡಿದುಕೊಂಡಳು, ಏನೋ ಹೇಳಲು ಬಾಯಿ ತೆಗೆದಳು. ಮೇಲಿನ ಕಿಟಕಿಯಿಂದ ಯಾರೋ ಕೂಗಿದರು. "ಬರ್ತೀನ್ರಿ ಅಕ್ಕಾ, ಡಬ್ಬಿ ಹಂಚೂದೈತಿ," ಎಂದು ಓಡಿದಳು.

ಬಸ್‌ಸ್ಟ್ಯಾಂಡಿನಲ್ಲಿ ಪರ್ವರಿಯ ಬಸ್ಸು ನಿಂತಿತ್ತು. ಅದರ ಪಕ್ಕದಲ್ಲಿ ಹಳೆ ಗೋವೆಯ ಕಡೆಗೆ ಹೋಗುವ ಬಸ್ಸು; ಕಂಡಕ್ಟರು "ಚಿಂಬಲ್, ಚಿಂಬಲ್" ಎಂದು ಕೂಗುತ್ತಿದ್ದ. ಸುಹಾಸಿನಿ ಅದನ್ನು ಹತ್ತಿದಳು. ಯಾಕೆಂದು ಅವಳಿಗೆ ಸ್ಪಷ್ಟವಾಗಿಯೇ ಗೊತ್ತಿತ್ತು, ಗೊತ್ತಿದ್ದುದಕ್ಕೆ ಅವಮಾನವೂ ಆಗುತ್ತಿತ್ತು. ಆ ಚೀಟಿಯಿಂದ ಆ ಗಂಡಸಿನ ಕಾಲು ಉಳಿಯಿತೋ ಇಲ್ಲವೋ ಎಂದು ಈ ವರ್ಷವೆಲ್ಲ ಅವಳು ಕೇಳಿರಲಿಲ್ಲ. ಉಳಿದಿದ್ದರೆ, ಆ ಹೆಂಗಸಿನೆದುರು ನಿಂತು, ಅದಕ್ಕಾಗಿ ನನ್ನ ನೌಕರಿ ಹೋಯಿತು ಎಂದು ಒಂದೇ ಒಂದು ಸಲ ಹೇಳಬೇಕು. ಅಷ್ಟು ಜನರಲ್ಲಿ ಯಾರೂ ಆಡದ ಮಾತನ್ನು ಈ ಒಬ್ಬಳಾದರೂ ಆಡುತ್ತಾಳೆ. ಅಯ್ಯ ಅಕ್ಕಾರ, ನಮ್ಮ ಸಲುವಾಗಿ, ಎಂದು. ಬಸ್ಸಿನ ಕಿಟಕಿಯಲ್ಲಿ ತನ್ನ ಬಾಯಿ ಸಣ್ಣಗೆ ಅಲುಗುವುದನ್ನು ಅವಳು ಕಂಡಳು. ಹೆಂಗಸಿನ ಮಾತನ್ನು ತಾನೇ ಆಡಿಕೊಳ್ಳುತ್ತಿದ್ದಳು.

ಚೀಟಿಯಲ್ಲಿ ತಾನೇ ಬರೆದಿದ್ದ ವಿಳಾಸ ಬಾಯಿಪಾಠವಾಗಿತ್ತು. ಆದರೂ ಚಿಂಬಲ್‌ನ ಆ ಓಣಿಗೆ ಬಂದಾಗ ಹೊತ್ತು ಇಳಿದಿತ್ತು; ತಗಡಿನ ಮನೆಗಳ ನಡುವೆ ಕೆಲಸದಿಂದ ಬಂದ ಹೆಂಗಸರು ನಳದ ಮುಂದೆ ಕೊಡ ಹಚ್ಚಿದ್ದರು. ಹೆಗಲ ಮೇಲೆ ಶಾಲು, ಕೈಯಲ್ಲಿ ತೆಂಗಿನಕಾಯಿ ಹಿಡಿದು ಬಂದವಳನ್ನು ಕಂಡು ಮಾತು ನಿಂತಿತು. "ಸರ್ವೇದವ್ರೇನ್ರಿ?" ಎಂದಳು ಒಬ್ಬಳು, ಹೆದರಿ. ಇನ್ನೊಬ್ಬಳು, ಆಮೇಲೆ ರಹಿಮತಬಿ ಎಂದು ತಿಳಿಯಿತು, ಸೊಂಟದ ಮೇಲೆ ಕೈಯಿಟ್ಟು, "ಏ, ಸರ್ವೇದವ್ರು ಕಾಯಿ ತರ್ತಾರೇನ? ಯಾರ ಉಡಿ ತುಂಬಾಕ ಬಂದೀರ್ರಿ ಬಾಯಾರ?" ಎಂದಳು. ಎಲ್ಲರೂ ನಕ್ಕರು. ಸುಹಾಸಿನಿಗೂ ಮಧ್ಯಾಹ್ನದಿಂದ ಮೊದಲ ಸಲ ನಗು ಬಂತು. ಚೀಟಿಯಲ್ಲಿದ್ದ ಸಾವಂತ್ರೆವ್ವನ ಹೆಸರು ಹೇಳಿದಳು. ಕೊನೆಯ ಮನೆ ತೋರಿಸಿದರು.

ಸಾವಂತ್ರೆವ್ವ ಬಾಗಿಲಲ್ಲೇ ಒಲೆ ಹೂಡಿ ರೊಟ್ಟಿ ಬಡಿಯುತ್ತಿದ್ದಳು. ಗುರುತು ಹಿಡಿಯಲಿಲ್ಲ. ಕೈ ಒರೆಸಿಕೊಂಡು ಸಿಮೆಂಟಿನ ಚೀಲ ಹಾಸಿ, "ಕುಂದರ್ರಿ" ಎಂದಳು. ಸುಹಾಸಿನಿ ಆಸ್ಪತ್ರೆಯ ವಿಷಯ ಎತ್ತಿದಳು, ಯಾರೋ ಕಳಿಸಿದವಳಂತೆ.

"ಅಂವಾ? ಚಲೋ ಅದಾನ್ರಿ. ಕೆಲಸಕ್ಕ ಹೋಗ್ಯಾನ. ಸ್ವಲ್ಪ ಕುಂಟತಾನ, ಅದ ನೆವಾ ಮಾಡಿ ನೀರ ಮಾತ್ರ ತರೂದಿಲ್ಲ."

"ಕಾರ್ಡು... ಆ ವಾಸದ ಚೀಟಿ ಉಪಯೋಗಕ್ಕ ಬಂತಲ್ಲ?"

"ಯಾ ಚೀಟಿರಿ?" ಸಾವಂತ್ರೆವ್ವ ಹಿಟ್ಟು ತಟ್ಟುತ್ತ ನೆನಪು ಮಾಡಿಕೊಂಡಳು. "ಹಾಂ, ಅದಾ. ಅದರ ಗೊಡವೀನ ಬರ್ಲಿಲ್ರಿ. ನಾ ಚೀಟಿ ಹಿಡಕೊಂಡು ಓಡಿ ಹೋಗೂದ್ರಾಗ ಡಾಕ್ಟರು ಕೊಯ್ದು, ಕಬ್ಬಿಣ ಕೂಡಿಸಿ, ಹೊಲದು ಬಿಟ್ಟಿದ್ರು. ಯಾರೂ ಏನೂ ಕೇಳ್ಲಿಲ್ಲ. ಟ್ರಂಕಿನ್ಯಾಗ ಬಿದ್ದಿತ್ತು. ಆಮ್ಯಾಲ ಯಾರೋ ಆಫೀಸಿನವ್ರು ಬಂದು ಇಸಗೊಂಡು ಹ್ವಾದ್ರು."

ಎದೆಯೊಳಗೆ ಸಿದ್ಧಮಾಡಿಕೊಂಡು ಬಂದಿದ್ದ ಮಾತು, ಯಾರೂ ಇಳಿಯದ ಸ್ಟಾಪಿನಲ್ಲಿ ನಿಲ್ಲದೆ ಹೋದ ಬಸ್ಸಿನಂತೆ, ಹೋಗಿಯೇಬಿಟ್ಟಿತು.

"ಅವ್ರು ಭಾಳ ಕೇಳಿದ್ರು ನೋಡ್ರಿ," ಎಂದಳು ಸಾವಂತ್ರೆವ್ವ, ಹೆಂಚಿನ ಮೇಲೆ ರೊಟ್ಟಿ ಹಾಕಿ ನೀರು ಸವರುತ್ತ. "ಚೀಟಿ ಕೊಟ್ಟಾಕಿ ನಿಮ್ಮ ಪೈಕಿ ಏನು, ನಿಮ್ಮ ಕಡೆಯಾಕಿ ಏನು ಅಂತ. ನಾ ಅಂದೆ, ಇಲ್ರಿಪಾ, ಗೋವಾದ ಬಾಯಿ. ನಮ್ಮ ಮಾತು ಒಂದೆರಡು ಬರ್ತಿತ್ತು ಅಷ್ಟ. ಅದೂ ಕಳವು ಮಾಡಿದಂಗ ಆಡತಿದ್ಲು ಪಾಪ, ಅಂತ." ನಕ್ಕಳು. ಆಮೇಲೆ ನಗು ತಡೆದು, "ಆಕೀಗಿ ಏನರ ಆತೇನ್ರಿ?"

ಓಣಿಯ ಆ ತುದಿಯಲ್ಲಿ ಕೊಡಗಳ ಸದ್ದು, ರಹಿಮತಬಿ ಯಾರನ್ನೋ ಬೈಯುವ ಸದ್ದು. ಸುಹಾಸಿನಿ ಶಾಲು ತೆಗೆದು ಮಡಚಿ ತೊಡೆಯ ಮೇಲೆ ಇಟ್ಟುಕೊಂಡಳು. "ಏನೂ ಆಗಿಲ್ಲ. ನಿವೃತ್ತಿ ಆತು."

"ಚಲೋ ಆತ್ ಬಿಡ್ರಿ. ಮತ್ತ ನೀವು ಯಾ ಊರ್ರಿ?"

"ಧಾರವಾಡ," ಎಂದಳು ಸುಹಾಸಿನಿ. ದನಿ ತಾನೆಣಿಸಿದ್ದಕ್ಕಿಂತ ದೊಡ್ಡದಾಗಿ ಬಂತು. ನಳದ ಹತ್ತಿರದ ಹೆಂಗಸರು ತಿರುಗಿ ನೋಡಿದರು. "ಧಾರವಾಡದಾಕಿ ನಾನು. ಹುಟ್ಟಿದ್ದು, ಬೆಳದದ್ದು, ಕಾಲೇಜು ಕಲ್ತದ್ದು ಎಲ್ಲಾ ಧಾರವಾಡದಾಗ."

ಸಾವಂತ್ರೆವ್ವ ತಲೆ ಎತ್ತಿ ಅವಳ ಮುಖ ನೋಡಿದಳು. ಒಲೆಯ ಬೆಳಕು ಆ ಮುಖದ ಮೇಲಿತ್ತು. ನೋಡುತ್ತ ನೋಡುತ್ತ ಸವರುವ ಬಟ್ಟೆ ಹಿಡಿದ ಅವಳ ಕೈ ಹೆಂಚಿನ ಮೇಲೆ ಗಾಳಿಯಲ್ಲೇ ನಿಂತಿತು. ರೊಟ್ಟಿಯ ಅಂಚು ಕರಕಾಯಿತು. ಕರಕಾದ ರೊಟ್ಟಿಯನ್ನು ತೆಗೆದು ಪಕ್ಕಕ್ಕೆ ಇಟ್ಟಳು. ಹೊಸದೊಂದನ್ನು ಬಡಿದು, ಬೇಯಿಸಿ, ಉಬ್ಬುವವರೆಗೆ ಕಾದು ತೆಗೆದಳು. ಒಳಗಿನಿಂದ ತಟ್ಟೆ ತಂದು, ಸೆರಗಿನಿಂದ ಒರೆಸಿ, ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ, ಒಂದು ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಒಡೆದು ಬದಿಗಿಟ್ಟು, ಎರಡೂ ಕೈಯಿಂದ ಅವಳಿಗೆ ಕೊಟ್ಟಳು.